ಸರ್ಪಗಂಧ: ರಕ್ತದೊತ್ತಡ ಇಳಿಸಿದ ಬೇರಿನ ಕಥೆ

ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಉಡಿಗಾಲದಂಥ ಊರುಗಳಲ್ಲಿ 'ಬಿ.ಪಿ.' ಎಂಬ ಇಂಗ್ಲಿಷಿನ ಎರಡಕ್ಷರ ಈಗ ಕನ್ನಡದ ಮಾತೇ ಆಗಿಹೋಗಿದೆ. 'ಅವ್ವಂಗೆ ಬಿ.ಪಿ. ಅದ' ಎಂದರೆ ಅದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅದಕ್ಕೆ ಮದ್ದು ಯಾವುದು ಎಂಬ ಮಾತು ಬಂದಾಗ ಜನರ ಅಭಿಪ್ರಾಯ ಎರಡಾಗುತ್ತದೆ. ಆಸ್ಪತ್ರೆಯ ಮಾತ್ರೆ ಉಷ್ಣ, ಅದರಿಂದ ಅಡ್ಡಪರಿಣಾಮ ಹೆಚ್ಚು. ನಾಟಿ ಔಷಧಿ ಗಿಡದ ಬೇರಿನದು, ಗುಣವಾಗದಿದ್ದರೂ ಕೇಡಂತೂ ಇಲ್ಲ ಎಂದು ನಂಬುವವರು ಹಳ್ಳಿಯಲ್ಲೂ ಇದ್ದಾರೆ, ಪಟ್ಟಣದಲ್ಲೂ ಇದ್ದಾರೆ.

ಈ ನಂಬಿಕೆಯನ್ನು ಒರೆಗೆ ಹಚ್ಚಲು ಸರ್ಪಗಂಧದ ಇತಿಹಾಸಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಆಧುನಿಕ ವೈದ್ಯಲೋಕ ರಕ್ತದೊತ್ತಡಕ್ಕೆ ನೆಚ್ಚಿಕೊಂಡ ಮೊದಲ ಕೆಲವು ಮದ್ದುಗಳಲ್ಲಿ ಒಂದು ಹುಟ್ಟಿದ್ದು ಭಾರತದ ಈ ಗಿಡದ ಬೇರಿನಿಂದ. ಲಕ್ಷಾಂತರ ಜನರ ರಕ್ತದೊತ್ತಡವನ್ನು ಇಳಿಸಿದ್ದು ಇದೇ ಬೇರು. ಕೆಲವರ ಮನಸ್ಸನ್ನು ಕತ್ತಲೆಗೆ ತಳ್ಳಿತೆಂಬ ದೂರಿಗೆ ಗುರಿಯಾದದ್ದೂ ಇದೇ ಬೇರು. ಆ ಗುಣ, ಆ ದೂರು ಎರಡಕ್ಕೂ ಕಾರಣ ಒಂದೇ ಎಂಬುದು ಈ ಕಥೆಯ ಮುಖ್ಯ ಪಾಠ.

ಮದ್ದಿಲ್ಲದ ಕಾಲ

ರಕ್ತದೊತ್ತಡ ಹಳೆಯ ಕಾಯಿಲೆಯೇ ಆದರೂ ಅದನ್ನು ಅಳೆಯುವ ವಿದ್ಯೆ ಹೊಸದು. ತೋಳಿಗೆ ಪಟ್ಟಿ ಕಟ್ಟಿ, ಗಾಳಿ ತುಂಬಿ, ಪಾದರಸದ ಕೊಳವೆಯಲ್ಲಿ ಒತ್ತಡ ನೋಡುವ ಉಪಕರಣವನ್ನು ಇಟಲಿಯ ರಿವಾ-ರೊಕ್ಕಿ 1896ರಲ್ಲಿ ರೂಪಿಸಿದರು. ಪಟ್ಟಿಯ ಕೆಳಗೆ ಸ್ಟೆತೊಸ್ಕೋಪ್ ಇಟ್ಟು ನಾಡಿಯ ಸದ್ದು ಆಲಿಸಿ, ಮೇಲಿನ ಅಂಕಿ ಕೆಳಗಿನ ಅಂಕಿ ಎರಡನ್ನೂ ಗುರುತಿಸುವ ಕ್ರಮವನ್ನು ರಷ್ಯದ ಕೊರೊಟ್ಕಾಫ್ 1905ರಲ್ಲಿ ಹೇಳಿಕೊಟ್ಟರು. ಹೃದಯ ಸಂಕುಚಿಸಿ ರಕ್ತವನ್ನು ನೂಕಿದಾಗಿನ ಒತ್ತಡ ಮೇಲಿನ ಅಂಕಿ. ಅದು ಸಡಿಲಗೊಂಡು ವಿಶ್ರಮಿಸುವಾಗಿನದು ಕೆಳಗಿನ ಅಂಕಿ. ಅಳೆಯಲು ಬಂದಿತು, ಆದರೆ ಇಳಿಸುವ ಬಗೆ ತಿಳಿಯಲಿಲ್ಲ. ಮುಂದಿನ ನಾಲ್ಕೈದು ದಶಕ ವೈದ್ಯರು ಅಂಕಿಯನ್ನು ಬರೆದುಕೊಂಡು ಸುಮ್ಮನಿರಬೇಕಾಯಿತು.

ಆ ಅಸಹಾಯಕತೆಗೆ ಕರ್ನಾಟಕವೇ ಸಾಕ್ಷಿ. 1927ರ ಮಾರ್ಚ್ ಕೊನೆಯಲ್ಲಿ ಖಾದಿ ಪ್ರವಾಸದಲ್ಲಿದ್ದ ಮಹಾತ್ಮ ಗಾಂಧಿಯವರು ನಿಪ್ಪಾಣಿಯಲ್ಲಿ ಅಸ್ವಸ್ಥರಾದರು. ರಕ್ತದೊತ್ತಡ ಏರಿದೆ ಎಂದು ತಿಳಿದುಬಂತು. ವೈದ್ಯರು ಕೊಡಬಹುದಾಗಿದ್ದ ಚಿಕಿತ್ಸೆ ಒಂದೇ: ಪೂರ್ಣ ವಿಶ್ರಾಂತಿ, ತಂಪು ಹವೆ. ಹಾಗಾಗಿ ಅವರನ್ನು ನಂದಿ ಬೆಟ್ಟಕ್ಕೆ ಕರೆತರಲಾಯಿತು. ಅಲ್ಲಿ ಸುಮಾರು ಒಂದೂವರೆ ತಿಂಗಳು ಇದ್ದು ಜೂನ್‌ನಲ್ಲಿ ಬೆಂಗಳೂರಿನ ಕುಮಾರ ಪಾರ್ಕಿಗೆ ಇಳಿದು ಬಂದರು. ಬೆಟ್ಟದ ಹವೆ ಅವರಿಗೆ ಹಿತವಾಯಿತು. ಆದರೆ ಎಲ್ಲರಿಗೂ ನಂದಿ ಬೆಟ್ಟ ಸಿಗುವುದಿಲ್ಲ, ಸಿಕ್ಕರೂ ಸಾಲುವುದಿಲ್ಲ. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಅವರಿಗೆ ಜಗತ್ತಿನ ಅತ್ಯುತ್ತಮ ವೈದ್ಯರ ಆರೈಕೆ ಇತ್ತು. ಆದರೂ ವರ್ಷಗಳಿಂದ ಏರುತ್ತಲೇ ಇದ್ದ ರಕ್ತದೊತ್ತಡವನ್ನು ತಡೆಯಲಾಗದೆ, 1945ರ ಏಪ್ರಿಲ್ 12ರಂದು ಮಿದುಳಿನ ರಕ್ತಸ್ರಾವದಿಂದ ಅವರು ತೀರಿಕೊಂಡರು.

ಹುಚ್ಚಿನ ಮದ್ದು ಹೊಸ ಹಾದಿ ತೋರಿದ್ದು

ಇತ್ತ ಭಾರತದಲ್ಲಿ ಸರ್ಪಗಂಧದ ಬೇರು ಬಹಳ ಹಿಂದಿನಿಂದಲೂ ಬಳಕೆಯಲ್ಲಿತ್ತು. ಮೊಣಕಾಲೆತ್ತರಕ್ಕೆ ಬೆಳೆಯುವ, ಕೆಂಪು ತೊಟ್ಟಿನ ಬಿಳಿ ಹೂಗೊಂಚಲು ಬಿಡುವ ಈ ಪುಟ್ಟ ಗಿಡ ಹಿಮಾಲಯದ ತಪ್ಪಲಿನಿಂದ ಪಶ್ಚಿಮ ಘಟ್ಟದವರೆಗೆ ತೇವದ ಕಾಡುಗಳಲ್ಲಿ ಕಾಣಸಿಗುತ್ತದೆ. ಕನ್ನಡದಲ್ಲಿ ಸೂತ್ರನಾಭಿ ಎಂಬ ಹೆಸರೂ ಇದಕ್ಕುಂಟು. ಹಾವಿನಂತೆ ತಿರುಚಿಕೊಂಡ ಬೇರು ಹಾವಿನ ವಿಷಕ್ಕೆ ಮದ್ದು ಎಂಬ ನಂಬಿಕೆ ಹಬ್ಬಿತ್ತು. ಬಿಹಾರ, ಬಂಗಾಳಗಳ ಕಡೆ ಇದನ್ನು ಹುಚ್ಚಿನ ಮದ್ದು ಎಂದೇ ಕರೆಯುತ್ತಿದ್ದರು. ರೇಗಾಡುವವರಿಗೆ, ನಿದ್ದೆ ಬಾರದವರಿಗೆ ಬೇರಿನ ಪುಡಿ ಕೊಡುತ್ತಿದ್ದರು. ಸಸ್ಯಶಾಸ್ತ್ರಜ್ಞರು ಇಟ್ಟ 'ರಾವೋಲ್ಫಿಯ' ಎಂಬ ಹೆಸರು 16ನೇ ಶತಮಾನದ ಜರ್ಮನ್ ವೈದ್ಯ ರಾವೋಲ್ಫ್ ಅವರ ಗೌರವಾರ್ಥ ಬಂದದ್ದು.

ಹಾವಿನ ವಿಷದ ಮಾತನ್ನು ಇಲ್ಲಿಯೇ ಮುಗಿಸಿಬಿಡುವುದು ಒಳ್ಳೆಯದು. ನಾಗರ, ಕಟ್ಟುಹಾವು, ಕೊಳಕುಮಂಡಲಗಳ ಕಡಿತಕ್ಕೆ ಸರ್ಪಗಂಧ ಮದ್ದಲ್ಲ. ಆಸ್ಪತ್ರೆಯಲ್ಲಿ ಕೊಡುವ ವಿಷನಿರೋಧಕ ಚುಚ್ಚುಮದ್ದೊಂದೇ ಅದಕ್ಕೆ ದಾರಿ. ಹೆಸರನ್ನು ನಂಬಿ ಹೊತ್ತು ಕಳೆದರೆ ಜೀವಕ್ಕೇ ಅಪಾಯ.

ಹುಚ್ಚಿನ ಮದ್ದು ಎಂಬ ಮಾತನ್ನು ಮಾತ್ರ ವೈದ್ಯರು ಗಂಭೀರವಾಗಿ ತೆಗೆದುಕೊಂಡರು. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಈ ಬೇರಿನ ಬಗ್ಗೆ ಒಂದು ಲೇಖನ ಪ್ರಕಟಿಸಿದರು. ಉನ್ಮಾದವನ್ನು ತಣಿಸುವುದರ ಜೊತೆಗೆ ಇದು ಏರಿದ ರಕ್ತದೊತ್ತಡವನ್ನೂ ಇಳಿಸುತ್ತದೆ ಎಂಬುದು ಅವರ ಅನುಭವ. ಮನಸ್ಸು ಮತ್ತು ರಕ್ತನಾಳ ಎರಡೂ ಆ ಮೊದಲ ವರದಿಯಲ್ಲೇ ಜೊತೆಯಾಗಿ ಬಂದವು ಎಂಬುದು ಗಮನಾರ್ಹ. ಅದೇ ವರ್ಷ ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಮತ್ತು ಅವರ ಸಹೋದ್ಯೋಗಿ ಬೇರಿನಿಂದ ಹಲವು ಕ್ಷಾರಸತ್ವಗಳನ್ನು ಬೇರ್ಪಡಿಸಿದರು. ಕಾಲೇಜನ್ನು ಕಟ್ಟಿದ ಹಕೀಂ ಅಜ್ಮಲ್ ಖಾನರ ನೆನಪಿಗೆ ಒಂದಕ್ಕೆ 'ಅಜ್ಮಲಿನ್' ಎಂದು ಹೆಸರಿಟ್ಟರು.

ಬೇರು ಮಾತ್ರೆಯಾದದ್ದೂ ಆ ದಶಕದಲ್ಲೇ. 1930ರಲ್ಲಿ ಡೆಹ್ರಾಡೂನ್‌ನಲ್ಲಿ ಎಂ. ಮನಾಲ್ ಸ್ಥಾಪಿಸಿದ ಹಿಮಾಲಯ ಡ್ರಗ್ ಕಂಪನಿ 1934ರಲ್ಲಿ ಸರ್ಪಗಂಧದಿಂದ 'ಸರ್ಪಿನಾ' ಎಂಬ ಮಾತ್ರೆಯನ್ನು ಹೊರತಂದಿತು. ಬರ್ಮಾದ ಕಾಡಿನಲ್ಲಿ ಮದವೇರಿದ ಆನೆಗಳನ್ನು ಶಾಂತಗೊಳಿಸಲು ಜನ ಈ ಬೇರು ತಿನ್ನಿಸುವುದನ್ನು ಮನಾಲ್ ಕಂಡಿದ್ದರಂತೆ. ಅದೇ ಪ್ರೇರಣೆ ಎಂದು ಕಂಪನಿ ತನ್ನ ಇತಿಹಾಸದಲ್ಲಿ ಹೇಳಿಕೊಳ್ಳುತ್ತದೆ. ಈ ಕಂಪನಿ 1975ರಲ್ಲಿ ಬೆಂಗಳೂರಿಗೆ ಬಂದು ನೆಲೆಯೂರಿತು.

ಆದರೂ ಹೊರಜಗತ್ತು ಕಣ್ತೆರೆದದ್ದು 1949ರಲ್ಲಿ. ಮುಂಬಯಿಯ ಹೃದಯತಜ್ಞ ರುಸ್ತುಂ ಜಲ್ ವಕೀಲ್ ಅವರು ರಕ್ತದೊತ್ತಡದ 50 ರೋಗಿಗಳಿಗೆ ಸರ್ಪಗಂಧ ಕೊಟ್ಟು ಕಂಡುಕೊಂಡದ್ದನ್ನು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಅದನ್ನು ಓದಿದ ಬಾಸ್ಟನ್ನಿನ ರಾಬರ್ಟ್ ವಿಲ್ಕಿನ್ಸ್ ತಮ್ಮ ರೋಗಿಗಳಿಗೂ ಕೊಟ್ಟು ನೋಡಿ, 1952ರ ಹೊತ್ತಿಗೆ ಅದನ್ನು ಅನುಮೋದಿಸಿದರು. ಅದೇ ವರ್ಷ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ಸೀಬಾ ಕಂಪನಿಯ ಮ್ಯುಲರ್, ಶ್ಲಿಟ್ಲರ್, ಬೈನ್ ಎಂಬ ವಿಜ್ಞಾನಿಗಳು ಬೇರಿನ ಶಕ್ತಿಯ ಮುಖ್ಯ ಮೂಲವಾದ 'ರಿಸರ್ಪಿನ್' ಅನ್ನು ಶುದ್ಧ ಹರಳುಗಳ ರೂಪದಲ್ಲಿ ಪಡೆದರು. 1956ರಲ್ಲಿ ಅಮೆರಿಕದ ರಾಬರ್ಟ್ ವುಡ್‌ವರ್ಡ್ ಇದನ್ನು ಪ್ರಯೋಗಶಾಲೆಯಲ್ಲೇ ತಯಾರಿಸಿ ತೋರಿಸಿದರು. 1957ರಲ್ಲಿ ವಕೀಲ್ ಅವರಿಗೆ ಅಮೆರಿಕದ ಪ್ರತಿಷ್ಠಿತ ಲಾಸ್ಕರ್ ಪ್ರಶಸ್ತಿ ಸಂದಿತು.

ಬರಿದಾಗುವ ಹಗೇವು

ರಿಸರ್ಪಿನ್ ದೇಹದೊಳಗೆ ಮಾಡುವುದೇನು? ಹಳೆ ಮೈಸೂರು ಕಡೆಯ ಹಿರಿಯರಿಗೆ ಹಗೇವು ಎಂದರೆ ಗೊತ್ತು. ರಾಗಿಯನ್ನು ನೆಲದಡಿ ಕೂಡಿಡುತ್ತಿದ್ದ ಗುಂಡಿ ಅದು. ನಮ್ಮ ನರಗಳ ತುದಿಗಳಲ್ಲೂ ಇಂಥ ಸೂಕ್ಷ್ಮ ಹಗೇವುಗಳಿವೆ. ಅವುಗಳಲ್ಲಿ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ದಾಸ್ತಾನಾಗಿರುತ್ತದೆ. ಭಯ, ಕೋಪ, ಆತಂಕ, ದುಡಿಮೆ ಯಾವುದೇ ಕಾರಣಕ್ಕೆ ಮಿದುಳಿನ ಆಜ್ಞೆ ಬಂದಾಗ ಹಗೇವು ತೆರೆದು ಈ ದಾಸ್ತಾನು ಹೊರಬರುತ್ತದೆ; ರಕ್ತನಾಳಗಳು ಬಿಗಿಯುತ್ತವೆ, ಎದೆಬಡಿತ ಹೆಚ್ಚುತ್ತದೆ, ಒತ್ತಡ ಏರುತ್ತದೆ. ಕೆಲಸ ಮುಗಿದ ಮೇಲೆ ಅದರ ಬಹುಪಾಲು ಮತ್ತೆ ಒಳಸೇರಿ ಹಗೇವನ್ನು ತುಂಬುತ್ತದೆ.

ರಿಸರ್ಪಿನ್ ಈ ಹಗೇವಿಗೆ ದಾಸ್ತಾನು ತುಂಬುವ ಬಾಗಿಲನ್ನೇ ಮುಚ್ಚಿಬಿಡುತ್ತದೆ. ಒಳಸೇರಲಾಗದೆ ಹೊರಗುಳಿದ ನಾರ್‌ಅಡ್ರಿನಲಿನ್ ಅನ್ನು ನರಕೋಶದಲ್ಲಿರುವ ಕಿಣ್ವವೊಂದು ನಾಶ ಮಾಡುತ್ತದೆ. ದಿನ ಕಳೆದಂತೆ ದಾಸ್ತಾನು ಕರಗುತ್ತದೆ. ಆಮೇಲೆ ಮಿದುಳು ಎಷ್ಟೇ ಆಜ್ಞೆ ಮಾಡಿದರೂ ಕಳಿಸಲು ಏನೂ ಉಳಿದಿರುವುದಿಲ್ಲ. ರಕ್ತನಾಳಗಳು ಸಡಿಲಗೊಳ್ಳುತ್ತವೆ, ನಾಡಿ ನಿಧಾನವಾಗುತ್ತದೆ, ಒತ್ತಡ ಇಳಿಯುತ್ತದೆ. ಇಂದು ನುಂಗಿದರೆ ನಾಳೆಯೇ ಪೂರ್ತಿ ಗುಣ ಕಾಣದಿರಲು ಕಾರಣ ಇದೇ. ದಾಸ್ತಾನು ಕರಗಲು ದಿನಗಳು, ವಾರಗಳು ಬೇಕು. ಮದ್ದು ನಿಲ್ಲಿಸಿದ ಮೇಲೂ ಪರಿಣಾಮ ಹಾಗೆಯೇ ಉಳಿಯುತ್ತದೆ. ಹೊಸ ಹಗೇವುಗಳು ಹುಟ್ಟಿ ಮತ್ತೆ ತುಂಬಿಕೊಳ್ಳುವ ತನಕ ಕಾಯಬೇಕು.

ತೊಡಕು ಇರುವುದು ಇಲ್ಲಿಯೇ. ಈ ಹಗೇವುಗಳು ರಕ್ತನಾಳದ ನರಗಳಲ್ಲಿ ಮಾತ್ರ ಇಲ್ಲ, ಮಿದುಳಿನಲ್ಲೂ ಇವೆ. ಅಲ್ಲಿ ನಾರ್‌ಅಡ್ರಿನಲಿನ್ ಜೊತೆಗೆ ಸೆರೊಟೊನಿನ್, ಡೋಪಮಿನ್ ಎಂಬ ರಾಸಾಯನಿಕಗಳೂ ಕೂಡಿಟ್ಟಿರುತ್ತವೆ. ನಿದ್ದೆ, ಉತ್ಸಾಹ, ಮನಸ್ಸಿನ ಸಮತೋಲ, ಕೈಕಾಲುಗಳ ಸಲೀಸಾದ ಚಲನೆ ಇವೆಲ್ಲಕ್ಕೂ ಅವು ಬೇಕು. ರಕ್ತನಾಳದ ಹಗೇವು ಯಾವುದು, ಮಿದುಳಿನ ಹಗೇವು ಯಾವುದು ಎಂಬ ಭೇದ ರಿಸರ್ಪಿನ್‌ಗೆ ಗೊತ್ತಿಲ್ಲ. ಉನ್ಮಾದವನ್ನೂ ರಕ್ತದೊತ್ತಡವನ್ನೂ ಒಂದೇ ಬೇರು ತಗ್ಗಿಸಿದ್ದು ಹೇಗೆಂಬ ಒಗಟಿಗೆ ಉತ್ತರ ಇದೇ.

ಎರಡು ಅಲುಗಿನ ಕತ್ತಿ

1954ರಲ್ಲಿ ನ್ಯೂಯಾರ್ಕ್ ರಾಜ್ಯದ ಮನೋರೋಗಿಗಳ ಆಸ್ಪತ್ರೆಯೊಂದರಲ್ಲಿ ನೇಥನ್ ಕ್ಲೈನ್ ರಿಸರ್ಪಿನ್ ಕೊಟ್ಟು, ರೇಗುತ್ತಿದ್ದ ರೋಗಿಗಳು ಶಾಂತರಾದರೆಂದು ವರದಿ ಮಾಡಿದರು. ಅದೇ ವರ್ಷ ವಾಷಿಂಗ್ಟನ್ನಿನ ವೈದ್ಯ ಎಡ್ವರ್ಡ್ ಫ್ರೈಸ್ ನಾಣ್ಯದ ಇನ್ನೊಂದು ಮುಖ ತೋರಿಸಿದರು. ರಕ್ತದೊತ್ತಡಕ್ಕೆಂದು ದೀರ್ಘಕಾಲ ಹೆಚ್ಚು ಪ್ರಮಾಣದಲ್ಲಿ ರಿಸರ್ಪಿನ್ ಸೇವಿಸಿದ ಕೆಲವರು ತೀವ್ರ ಖಿನ್ನತೆಗೆ ಒಳಗಾದದ್ದನ್ನು ಅವರು ದಾಖಲಿಸಿದರು. ಎಲ್ಲದರಲ್ಲೂ ನಿರಾಸಕ್ತಿ, ನಸುಕಿನಲ್ಲೇ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು, ಕಾರಣವಿಲ್ಲದ ದುಃಖ ಇವು ಲಕ್ಷಣಗಳು. ಇಂಥವರಲ್ಲಿ ಆತ್ಮಹತ್ಯೆಯ ಯೋಚನೆಯೂ ಸುಳಿಯಬಹುದೆಂಬ ಎಚ್ಚರಿಕೆ ವೈದ್ಯಗ್ರಂಥಗಳಲ್ಲಿ ಸೇರಿತು. ಔಷಧಿ ನಿಲ್ಲಿಸಿದ ಮೇಲೂ ಇದು ತಿಂಗಳುಗಟ್ಟಲೆ ಉಳಿಯಬಹುದಿತ್ತು.

ಈ ಕೇಡಿನಿಂದಲೂ ಒಂದು ಒಳಿತು ಹುಟ್ಟಿತು. ಸ್ವೀಡನ್ನಿನ ಆರ್ವಿದ್ ಕಾರ್ಲ್‌ಸನ್ ಮೊಲಗಳಿಗೆ ರಿಸರ್ಪಿನ್ ಕೊಟ್ಟಾಗ ಅವು ಅಲುಗಾಡದೆ ಬಿದ್ದುಕೊಂಡವು; ಡೋಪಮಿನ್‌ನ ಕಚ್ಚಾವಸ್ತುವಾದ ಎಲ್-ಡೋಪಾ ಕೊಟ್ಟಾಗ ಎದ್ದು ಓಡಾಡಿದವು. 1957ರ ಈ ಪ್ರಯೋಗ ಪಾರ್ಕಿನ್‌ಸನ್ ಕಾಯಿಲೆಯ ಚಿಕಿತ್ಸೆಗೆ ಹಾದಿ ಮಾಡಿಕೊಟ್ಟಿತು. 2000ದ ನೊಬೆಲ್ ಪ್ರಶಸ್ತಿಯ ಒಂದು ಪಾಲು ಕಾರ್ಲ್‌ಸನ್ ಅವರಿಗೆ ಸಂದಿತು. ಮಿದುಳಿನ ರಾಸಾಯನಿಕಗಳಿಗೂ ಖಿನ್ನತೆಗೂ ನಂಟಿದೆ ಎಂಬ ವಾದಕ್ಕೂ ಸರ್ಪಗಂಧದ ಅನುಭವವೇ ಒಂದು ಬುನಾದಿಯಾಯಿತು.

ಖಿನ್ನತೆಯ ಬಗ್ಗೆ ಎಚ್ಚರಿಸಿದ ಫ್ರೈಸ್ ಅವರು ರಿಸರ್ಪಿನ್ ಅನ್ನು ತಳ್ಳಿಹಾಕಲಿಲ್ಲ ಎಂಬುದು ವಿಶೇಷ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಅವರ ನೇತೃತ್ವದಲ್ಲಿ ಒಂದು ಪ್ರಯೋಗ ನಡೆಯಿತು. ಕೆಳಗಿನ ಅಂಕಿ 115ರಿಂದ 129ರವರೆಗಿದ್ದ 143 ಗಂಡಸರನ್ನು ಎರಡು ಗುಂಪು ಮಾಡಿ, ಒಂದಕ್ಕೆ ರಿಸರ್ಪಿನ್, ಮೂತ್ರವರ್ಧಕ ಹಾಗೂ ಹೈಡ್ರಲಜಿನ್ ಸೇರಿದ ಚಿಕಿತ್ಸೆಯನ್ನೂ ಇನ್ನೊಂದಕ್ಕೆ ಹುಸಿಮಾತ್ರೆಯನ್ನೂ ಕೊಡಲಾಯಿತು. 1967ರಲ್ಲಿ ಫಲಿತಾಂಶ ಪ್ರಕಟವಾಯಿತು. ಹುಸಿಮಾತ್ರೆ ಪಡೆದ 70 ಜನರಲ್ಲಿ 27 ಮಂದಿ ಸಾವು ಅಥವಾ ಗಂಭೀರ ತೊಡಕಿಗೆ ಈಡಾಗಿದ್ದರು. ಮದ್ದು ಪಡೆದ 73 ಜನರಲ್ಲಿ ಇಬ್ಬರು ಮಾತ್ರ. ತೀವ್ರ ರಕ್ತದೊತ್ತಡವನ್ನು ಮಾತ್ರೆಯಿಂದ ಇಳಿಸಿದರೆ ಜೀವ ಉಳಿಯುತ್ತದೆ ಎಂಬುದಕ್ಕೆ ಸಿಕ್ಕ ಮೊದಲ ಗಟ್ಟಿ ಪುರಾವೆಗಳಲ್ಲಿ ಇದೊಂದು. ಅಂದರೆ ಮದ್ದಿನ ದೋಷವನ್ನು ಬಲ್ಲವರೇ ಅದರ ಗುಣವನ್ನೂ ಸಾಬೀತು ಮಾಡಿದರು.

ಯಾರಿಗೆ ಬೇಡ

ಇಷ್ಟನ್ನು ತಿಳಿದ ಮೇಲೆ ಯಾರು ಇದರಿಂದ ದೂರವಿರಬೇಕು ಎಂಬುದು ತಾನಾಗಿಯೇ ಅರ್ಥವಾಗುತ್ತದೆ. ಖಿನ್ನತೆ ಇರುವವರು, ಹಿಂದೆ ಖಿನ್ನತೆ ಬಂದು ಹೋದವರು ಮೊದಲ ಸಾಲಿನಲ್ಲಿ ಬರುತ್ತಾರೆ. ಕಡಿಮೆ ಪ್ರಮಾಣದ ರಿಸರ್ಪಿನ್ ನಿಜಕ್ಕೂ ಖಿನ್ನತೆ ತರುತ್ತದೆಯೆ ಎಂದು ಈಚಿನ ಸಂಶೋಧಕರು ಪ್ರಶ್ನಿಸಿದ್ದುಂಟು. ಆದರೂ ಈ ಎಚ್ಚರಿಕೆಯನ್ನು ಕೈಬಿಟ್ಟಿಲ್ಲ. ಮನೋರೋಗಕ್ಕೆ ವಿದ್ಯುತ್ ಚಿಕಿತ್ಸೆ ಪಡೆಯುವವರಿಗೂ ಇದು ಸಲ್ಲದು. ಪಾರ್ಕಿನ್‌ಸನ್ ಕಾಯಿಲೆಯವರಲ್ಲಿ ಡೋಪಮಿನ್ ಮೊದಲೇ ಕಡಿಮೆ. ಇದ್ದುದೂ ಬರಿದಾದರೆ ನಡುಕ, ಸೆಟೆತ ಹೆಚ್ಚುತ್ತವೆ.

ಜಠರದ ಹುಣ್ಣು ಇರುವವರಿಗೂ ಇದು ಆಗದು. ಒಂದು ಬಗೆಯ ನರಗಳ ದಾಸ್ತಾನು ಬರಿದಾದಾಗ ಅದಕ್ಕೆ ಎದುರಾಗಿ ಕೆಲಸ ಮಾಡುವ ನರಗಳ ಕೈ ಮೇಲಾಗಿ, ಹೊಟ್ಟೆಯಲ್ಲಿ ಆಮ್ಲ ಹೆಚ್ಚು ಒಸರುತ್ತದೆ. ಹುಣ್ಣು ಒಡೆದು ರಕ್ತ ಸುರಿಯಬಹುದು. ಮೂಗು ಕಟ್ಟುವುದು, ಭೇದಿ, ನಾಡಿ ತೀರ ನಿಧಾನವಾಗುವುದು ಇದರಿಂದಲೇ. ಗರ್ಭಿಣಿಯರು ಸೇವಿಸಿದರೆ ಹುಟ್ಟಿದ ಮಗುವಿನ ಮೂಗು ಕಟ್ಟಿ, ಅದು ಉಸಿರಾಡಲು, ಮೊಲೆ ಚೀಪಲು ಕಷ್ಟಪಡಬಹುದು. ಎದೆಹಾಲಿನ ಮೂಲಕವೂ ಮದ್ದು ಮಗುವನ್ನು ಸೇರುತ್ತದೆ. ಮೂರ್ಛೆರೋಗ ಇರುವವರು, ಹೃದಯದ ಬಡಿತ ಏರುಪೇರಾಗಿ ಡಿಗಾಕ್ಸಿನ್ ಸೇವಿಸುವವರು, ಕೆಲವು ಬಗೆಯ ಖಿನ್ನತೆ ನಿವಾರಕ ಮಾತ್ರೆ ನುಂಗುವವರು ಕೂಡ ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ಮದ್ಯದ ಜೊತೆ ಸೇರಿದರೆ ಮಂಪರು ಇಮ್ಮಡಿಸುತ್ತದೆ.

ಇನ್ನು ಪ್ರಮಾಣದ ಮಾತು. 1950ರ ದಶಕದಲ್ಲಿ ಧಾರಾಳವಾಗಿ ಕೊಡುತ್ತಿದ್ದ ರಿಸರ್ಪಿನ್ ಅನ್ನು ವೈದ್ಯರು ಕ್ರಮೇಣ ದಿನಕ್ಕೆ ಕಾಲು ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆಗೆ ಇಳಿಸಿದರು. ಒಂದು ಗ್ರಾಂನ ನಾಲ್ಕು ಸಾವಿರದ ಒಂದು ಭಾಗ ಅದು. ಮಾತ್ರೆಯಲ್ಲಿ ಇಷ್ಟೇ ಇದೆ ಎಂದು ಅಳೆದು ಹೇಳಬಹುದು. ಚಮಚದಲ್ಲಿ ಅಳೆದುಕೊಡುವ ಬೇರಿನ ಪುಡಿಯಲ್ಲಿ ಎಷ್ಟಿದೆ ಎಂದು ಹೇಳುವವರು ಯಾರು? ಬೆಳೆದ ನೆಲ, ಅಗೆದ ಕಾಲ, ಬೇರಿನ ವಯಸ್ಸು, ಒಣಗಿಸಿದ ರೀತಿ ಇವುಗಳಿಗೆ ತಕ್ಕಂತೆ ಬೇರಿನ ಸತ್ವ ಬದಲಾಗುತ್ತದೆ. ಸರ್ಪಗಂಧವೆಂದು ಅದೇ ಕುಲದ ಬೇರೆ ಗಿಡದ ಬೇರನ್ನು ಮಾರುವುದೂ ಉಂಟು. ಗಿಡಮೂಲಿಕೆಗೆ ಕೇಡಿಲ್ಲ ಎಂಬ ಮಾತು ಎಡವುವುದು ಇಲ್ಲಿಯೇ. ಕೇಡು ಮಾಡುವ ಶಕ್ತಿ ಇಲ್ಲದ ಬೇರಾಗಿದ್ದರೆ ಅದು ರಕ್ತದೊತ್ತಡವನ್ನೂ ಇಳಿಸುತ್ತಿರಲಿಲ್ಲ.

ಗಿಡದ ಪಾಡು

ಮದ್ದಿನ ಕೀರ್ತಿ ಗಿಡಕ್ಕೆ ಮುಳುವಾಯಿತು. ಬೇರು ಬೇಕೆಂದರೆ ಗಿಡವನ್ನೇ ಕೀಳಬೇಕು. ವಿದೇಶಗಳ ಬೇಡಿಕೆ ಏರಿ ಕಾಡುಗಳು ಬರಿದಾಗತೊಡಗಿದಾಗ ಭಾರತ ಸರ್ಕಾರ 1950ರ ದಶಕದ ಮಧ್ಯದಲ್ಲಿ ಕಚ್ಚಾ ಬೇರಿನ ರಫ್ತಿಗೆ ತಡೆ ಹಾಕಿತು. ವಿದೇಶಿ ಕಂಪನಿಗಳು ಆಫ್ರಿಕದ ಇನ್ನೊಂದು ರಾವೋಲ್ಫಿಯದತ್ತ ತಿರುಗಿದವು. 1990ರಿಂದ ಸರ್ಪಗಂಧ ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ.

ಇತ್ತ ರಿಸರ್ಪಿನ್ ಕೂಡ ಮರೆಗೆ ಸರಿಯಿತು. ಸ್ತನ ಕ್ಯಾನ್ಸರಿಗೂ ಇದಕ್ಕೂ ನಂಟಿರಬಹುದೆಂದು 1974ರಲ್ಲಿ ಮೂರು ವರದಿಗಳು ಒಟ್ಟಿಗೆ ಪ್ರಕಟವಾಗಿ ಗಾಬರಿ ಹುಟ್ಟಿಸಿದವು. ನಂತರದ ಹೆಚ್ಚಿನ ಅಧ್ಯಯನಗಳು ಅದನ್ನು ದೃಢಪಡಿಸಲಿಲ್ಲ. ಆದರೆ ಹೋದ ಹೆಸರು ಮರಳಲಿಲ್ಲ. ಭಾರತದಲ್ಲಿ ರಿಸರ್ಪಿನ್ ಸೇರಿದ 'ಅಡೆಲ್ಫೇನ್' ಮಾತ್ರೆ ಒಂದು ಕಾಲದಲ್ಲಿ ಮನೆಮಾತಾಗಿತ್ತು. ಈಗ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ರಕ್ತದೊತ್ತಡಕ್ಕೆ ಸಾಮಾನ್ಯವಾಗಿ ಕೊಡುವುದು ಅಮ್ಲೋಡಿಪಿನ್, ಟೆಲ್ಮಿಸಾರ್ಟನ್‌ಗಳಂಥ ಮಾತ್ರೆಗಳನ್ನು. ಇವು ಮನಸ್ಸಿನ ಹಗೇವಿಗೆ ಕೈಹಾಕುವುದಿಲ್ಲ. ಆದರೆ ಇವಕ್ಕೂ ಅವುಗಳದೇ ಕಟ್ಟುಪಾಡುಗಳಿವೆ. ಟೆಲ್ಮಿಸಾರ್ಟನ್ ಗರ್ಭಿಣಿಯರಿಗೆ ಸಲ್ಲದು. ಅಟೆನಲಾಲ್ ಬಗೆಯ ಮಾತ್ರೆ ಉಬ್ಬಸದವರಿಗೆ ಅಪಾಯ. ಅಮ್ಲೋಡಿಪಿನ್ ಕೆಲವರಿಗೆ ಕಾಲು ಊದಿಸುತ್ತದೆ. ಪಕ್ಕದ ಮನೆಯವರಿಗೆ ಒಗ್ಗಿದ ಮಾತ್ರೆ ತನಗೂ ಒಗ್ಗುತ್ತದೆ ಎಂದುಕೊಳ್ಳುವಂತಿಲ್ಲ.

ಸರ್ಪಗಂಧದ ಗುಳಿಗೆ, ಪುಡಿಗಳು ಇಂದಿಗೂ ಆಯುರ್ವೇದದ ಅಂಗಡಿಗಳಲ್ಲಿ ಸಿಗುತ್ತವೆ. ಅವನ್ನು ಸೇವಿಸುವವರು ಆಸ್ಪತ್ರೆಗೆ ಹೋದಾಗ ಆ ಮಾತನ್ನು ಮುಚ್ಚಿಡಬಾರದು. ಬೈಗುಳ ತಿನ್ನಬೇಕಾದೀತೆಂದು ಹಲವರು ನಾಟಿ ಔಷಧಿಯ ವಿಷಯ ಹೇಳುವುದೇ ಇಲ್ಲ. ಬೇರಿನ ಪುಡಿ ಮತ್ತು ಮಾತ್ರೆ ಎರಡೂ ಹೊಟ್ಟೆ ಸೇರಿದರೆ ಒತ್ತಡ ಹಠಾತ್ತನೆ ಕುಸಿದು ತಲೆಸುತ್ತಿ ಬೀಳಬಹುದು. ಹಾಗೆಯೇ ಮಾತ್ರೆ ಬಿಟ್ಟು ಬೇರನ್ನೇ ನೆಚ್ಚಿ, ಅಳತೆ ನೋಡಿಸದೆ ಕುಳಿತರೆ ಲಕ್ವ ಹೊಡೆದಾಗಲೇ ಎಚ್ಚರವಾಗುವುದು. ಮದ್ದು ತೆಗೆದುಕೊಳ್ಳುತ್ತಿರುವ ಹಿರಿಯರು ಮಾತು ಕಡಿಮೆ ಮಾಡಿ, ಊಟ ಬಿಟ್ಟು, ನಸುಕಿಗೇ ಎದ್ದು ಮಂಕಾಗಿ ಕೂರುತ್ತಿದ್ದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿ ಸುಮ್ಮನಾಗದೆ, ಏನೇನು ಸೇವಿಸುತ್ತಿದ್ದಾರೆ ಎಂಬುದನ್ನು ಮನೆಯವರು ವಿಚಾರಿಸಬೇಕು. ಪುಡಿಯ ಪೊಟ್ಟಣವನ್ನೂ ಮಾತ್ರೆಯ ಚೀಟಿಯನ್ನೂ ಒಟ್ಟಿಗೆ ವೈದ್ಯರ ಮುಂದಿಡಬೇಕು.